ಹೆಣ್ಣುಮಕ್ಕಳ ಓದಿಗೆ ದುಡಿಯುವ ಸಣ್ಣ ಸಂಸ್ಥೆಗಳಿಗೆ ನೆರವಾಗುವುದು ಹೇಗೆ? ದಾವಣಗೆರೆ–ಚಿತ್ರದುರ್ಗ ಸೀಮೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೊಳಕಾಲ್ಮುರು ತಾಲ್ಲೂಕಿನ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರಿದ್ದಾರೆ. ಅವರ ಕೈಚೀಲದಲ್ಲಿ ಸದಾ ಒಂದು ನೋಟ್‌ಬುಕ್ಕು. ಇನ್ನೂರು ಪುಟದ್ದು, ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಬೈಂಡ್ ಹಾಕಿದ್ದು. ಒಂದು ಪುಟಕ್ಕೆ ಒಬ್ಬ ಹುಡುಗಿ. ಮೇಲೆ ಹೆಸರು, ತರಗತಿ. ಕೆಳಗೆ ಬಸ್ ನಿಲ್ಲುವ ಜಾಗದಿಂದ ಮನೆ ಎಷ್ಟು ದೂರ, ಮನೆಯಲ್ಲಿ ಚಿಕ್ಕ ಮಕ್ಕಳೆಷ್ಟು, ಅಪ್ಪ ಅಮ್ಮ ಗುಳೆ ಹೋಗುವ ತಿಂಗಳು ಯಾವುದು, ಆಧಾರ್‌ನಲ್ಲಿ ಹೆಸರು ಹೇಗೆ ಬರೆದಿದೆ, ಶಾಲೆಯ ದಾಖಲೆಯಲ್ಲಿ ಹೇಗಿದೆ. ಕೆಲವು ಪುಟಗಳ ಕೊನೆಗೆ ಕೆಂಪು ಇಂಕಿನಲ್ಲಿ ಒಂದು ಸಾಲು: ‘ಸೋಮವಾರದಿಂದ ಬಂದಿಲ್ಲ.’ ಆ ಸಾಲು ಬರೆದ ದಿನ ಸಂಜೆಯೇ ಅವರು ಆ ಹುಡುಗಿಯ ಮನೆ ಬಾಗಿಲಲ್ಲಿರುತ್ತಾರೆ.

ನಾನು ಮೊದಲ ಸಲ ಅಲ್ಲಿಗೆ ಹೋದಾಗ ಒಳಕೋಣೆಯಲ್ಲಿ ದಾನಿಗಳು ಕೊಟ್ಟ ಸ್ಕೂಲ್ ಬ್ಯಾಗುಗಳು ರಾಶಿ ಬಿದ್ದಿದ್ದವು. ಅಕ್ಕನಿಗೆ ಮಾತ್ರ ಮೂರು ತಿಂಗಳಿಂದ ಸಂಬಳ ಆಗಿರಲಿಲ್ಲ. ಬ್ಯಾಗು ಕೊಡುವವರು ಬೇಕಾದಷ್ಟು ಮಂದಿ, ಆ ನೋಟ್‌ಬುಕ್ಕು ಹಿಡಿದು ತಿರುಗುವವರಿಗೆ ಸಂಬಳ ಕೊಡುವವರು ಯಾರೂ ಇಲ್ಲ. ಹೆಣ್ಣುಮಕ್ಕಳ ಓದಿಗೆ ಏನಾದರೂ ಮಾಡಬೇಕು ಎಂದು ದಾವಣಗೆರೆಯಲ್ಲಿ ನನ್ನನ್ನು ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಮುಂದಿನ ಹೆಜ್ಜೆಗಳೆಲ್ಲ ಅಲ್ಲಿಂದಲೇ ಹೊರಟಿವೆ.

ಹೆಜ್ಜೆ 1: ಹುಡುಗಿ ಶಾಲೆ ಬಿಡುವುದು ಎಲ್ಲಿ ಎಂದು ಮೊದಲು ತಿಳಿಯಿರಿ

ದುಡ್ಡು ತೆಗೆಯುವ ಮುಂಚೆ ಇದನ್ನು ಅರ್ಥ ಮಾಡಿಕೊಳ್ಳಬೇಕು. ನಮ್ಮ ಎರಡೂ ಜಿಲ್ಲೆಗಳಲ್ಲಿ ಊರೂರಿಗೆ ಪ್ರಾಥಮಿಕ ಶಾಲೆ ಇದೆ. ಪುಸ್ತಕ, ಸಮವಸ್ತ್ರ, ಹಾಲು, ಮಧ್ಯಾಹ್ನದ ಬಿಸಿಯೂಟ ಸರ್ಕಾರವೇ ಕೊಡುತ್ತದೆ. ಹಾಗಾಗಿ ಏಳನೇ ತರಗತಿಯವರೆಗೆ ಹುಡುಗಿಯರು ಹೇಗೋ ಬರುತ್ತಾರೆ. ಕಷ್ಟ ಶುರುವಾಗುವುದು ಎಂಟಕ್ಕೆ. ಹೈಸ್ಕೂಲು ಪಕ್ಕದ ದೊಡ್ಡ ಊರಿನಲ್ಲಿರುತ್ತದೆ, ಹೆಚ್ಚುಕಡಿಮೆ ಅದೇ ವಯಸ್ಸಿಗೆ ಹುಡುಗಿ ದೊಡ್ಡವಳಾಗಿರುತ್ತಾಳೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಆದರೆ ಅದರ ಆಸರೆ 6ರಿಂದ 14 ವರ್ಷದವರಿಗೆ ಮಾತ್ರ. ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಆ ಆಸರೆಯೂ ತಪ್ಪುತ್ತದೆ.

ಎರಡನೇ ಕಡೆ, ಎಸ್ಸೆಸ್ಸೆಲ್ಸಿ ಫೇಲಾದಾಗ. ಮೂರನೆಯದು, ಪಿಯುಸಿ ಮುಗಿದು ಡಿಗ್ರಿಗೆ ಪೇಟೆಗೆ ಬರಬೇಕಾದಾಗ. ಇವುಗಳ ಜೊತೆಗೆ ಗುಳೆ. ಜಗಳೂರು, ಮೊಳಕಾಲ್ಮುರು ಕಡೆಯ ಬರದ ಊರುಗಳಿಂದ, ಹಲವು ತಾಂಡಾಗಳಿಂದ ಸಂಸಾರಗಳು ಕಾಫಿ ಸೀಮೆಗೆ, ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತವೆ. ಹೋಗುವಾಗ ದೊಡ್ಡ ಮಗಳನ್ನು ಜೊತೆಗೆ ಕರೆದೊಯ್ಯುತ್ತಾರೆ, ತಮ್ಮ ತಂಗಿಯರನ್ನು ನೋಡಿಕೊಳ್ಳಲು. ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ಹಟ್ಟಿಯ ಹೊರಗೆ ಇರಬೇಕಾದ ಪದ್ಧತಿ ಇನ್ನೂ ಉಳಿದಿದೆ. ತಿಂಗಳಿಗೆ ಅಷ್ಟು ದಿನ ಪಾಠ ತಪ್ಪಿದರೆ ಗಣಿತದಲ್ಲಿ ಹಿಂದೆ ಬೀಳುವುದಕ್ಕೆ ಒಂದು ವರ್ಷ ಸಾಕು.

ಚಳ್ಳಕೆರೆ ಹತ್ತಿರದ ಹಳ್ಳಿಯಲ್ಲಿ ಶೇಂಗಾ ಬಿಡಿಸುತ್ತಾ ಕೂತಿದ್ದ ಒಬ್ಬ ತಾಯಿ ನನಗೆ ಹೇಳಿದ್ದು: “ದುಡ್ಡಿಲ್ಲ ಅಂತ ಬಿಡ್ಸಿಲ್ಲ ಕಣಕ್ಕ. ರೋಡ್ನಾಗೆ ಬಸ್ ಇಳಿದು ಕತ್ಲಾಗೆ ಒಬ್ಳೇ ಬರ್ಬೇಕು. ಏನಾರ ಹೆಚ್ಚುಕಮ್ಮಿ ಆದ್ರೆ ಯಾರ್ನ ಕೇಳಾನ?” 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಟಿಕೆಟ್ಟಿನ ಚಿಂತೆ ಹೋಯಿತು, ನಿಜವಾಗಿ ದೊಡ್ಡ ಅನುಕೂಲ. ಆದರೆ ಬಸ್ಸು ಹಟ್ಟಿಯ ಒಳಗೆ ಬರುವುದಿಲ್ಲ. ಆ ಊರಿನಲ್ಲಿ ಕೆಲಸ ಮಾಡುವ ಸಂಸ್ಥೆ ಮಾಡಿದ್ದು ಇಷ್ಟು: ಅದೇ ಹಾದಿಯ ನಾಲ್ಕು ಹುಡುಗಿಯರನ್ನು ಒಟ್ಟುಗೂಡಿಸಿ, ಊರಿನ ಅಜ್ಜಿಯೊಬ್ಬರಿಗೆ ತಿಂಗಳಿಗೆ ಒಂದಿಷ್ಟು ಕೊಟ್ಟು, ಕೈಗೊಂದು ಟಾರ್ಚ್ ಕೊಟ್ಟರು. ಸಂಜೆ ಬಸ್ಸು ಬರುವ ಹೊತ್ತಿಗೆ ಅಜ್ಜಿ ರಸ್ತೆಯ ಹುಣಸೆಮರದ ಕೆಳಗೆ ಕಾಯುತ್ತಾರೆ. ನಾಲ್ವರಲ್ಲಿ ಮೂವರು ಹತ್ತನೇ ತರಗತಿ ಮುಗಿಸಿದರು. ಈ ಉಪಾಯ ದಾವಣಗೆರೆಯಲ್ಲಿ ಕೂತವರಿಗೆ ಹೊಳೆಯುವಂಥದ್ದಲ್ಲ. ದಿನಾ ಆ ಊರಿಗೆ ಹೋಗಿ ಬರುವವರಿಗೆ ಹೊಳೆಯುತ್ತದೆ.

ಹೆಜ್ಜೆ 2: ಸಂಸ್ಥೆಯನ್ನು ಹುಡುಕುವುದು

ಇಂಥ ಸಂಸ್ಥೆಗಳಿಗೆ ಚೆಂದದ ವೆಬ್‌ಸೈಟ್ ಇರುವುದಿಲ್ಲ. ಬೋರ್ಡು ಕೂಡ ಎಷ್ಟೋ ಸಲ ಇರುವುದಿಲ್ಲ. ಕೇಳಬೇಕಾದವರು ಬೇರೆ: ಸರ್ಕಾರಿ ಹೈಸ್ಕೂಲಿನ ಮುಖ್ಯಶಿಕ್ಷಕರು, ಸುತ್ತಲಿನ ಶಾಲೆಗಳಿಗೆ ಓಡಾಡುವ ಕ್ಲಸ್ಟರಿನ ಸಿಆರ್‌ಪಿ, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇರುವ ತಾಯಂದಿರು. “ಹುಡುಗಿ ಶಾಲೆ ಬಿಟ್ಟರೆ ನೀವು ಮೊದಲು ಯಾರಿಗೆ ಫೋನ್ ಮಾಡುತ್ತೀರಿ?” ಎಂದು ಕೇಳಿ. ಇಬ್ಬರು ಮೂವರು ಒಂದೇ ಹೆಸರು ಹೇಳಿದರೆ ನೀವು ಹುಡುಕುತ್ತಿರುವವರು ಅವರೇ.

ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್ಲಿನಲ್ಲಿ ರಾಜ್ಯ, ಜಿಲ್ಲೆವಾರು ಪಟ್ಟಿಯೂ ಸಿಗುತ್ತದೆ. ಆದರೆ ಅಲ್ಲಿ ಹೆಸರಿದೆ ಎಂದರೆ ನೋಂದಣಿ ಇದೆ ಎಂದಷ್ಟೇ ಅರ್ಥ, ಕೆಲಸ ನಡೆಯುತ್ತಿದೆ ಎಂದಲ್ಲ.

ಒಂದು ಮಾತು. ಹಿಂದುಳಿದ ತಾಲ್ಲೂಕುಗಳ ಹೆಣ್ಣುಮಕ್ಕಳಿಗಾಗಿಯೇ ಕೇಂದ್ರ ಸರ್ಕಾರ 2004ರಲ್ಲಿ ಶುರು ಮಾಡಿದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ಗಳು, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿವೆ. ಒಳ್ಳೆಯ ಸಣ್ಣ ಸಂಸ್ಥೆ ಇವುಗಳ ಜೊತೆ ಪೈಪೋಟಿಗೆ ನಿಲ್ಲುವುದಿಲ್ಲ, ಹುಡುಗಿಯನ್ನು ಅಲ್ಲಿಗೆ ಸೇರಿಸಲು ಓಡಾಡುತ್ತದೆ. ಇಷ್ಟೆಲ್ಲ ಇದ್ದೂ ಹೊಸದಾಗಿ ಹಾಸ್ಟೆಲ್ ಕಟ್ಟಲು ಹಣ ಕೇಳುವವರು ಬಂದರೆ, ಏಕೆ ಎಂದು ಎರಡು ಸಲ ಕೇಳಿ.

ಹೆಜ್ಜೆ 3: ಕಾಗದಪತ್ರ ನೋಡುವುದು

ಸಂಕೋಚ ಬೇಡ. ಸರಿಯಾದ ಸಂಸ್ಥೆಯವರು ಕೇಳುವ ಮುಂಚೆಯೇ ಫೈಲು ತಂದಿಡುತ್ತಾರೆ. ಟ್ರಸ್ಟ್ ಆದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್ ಡೀಡ್, ಸಂಘವಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿಯ ಪ್ರಮಾಣಪತ್ರ ಮತ್ತು ಬೈಲಾ. ಸಂಸ್ಥೆಯ ಹೆಸರಿನ ಪ್ಯಾನ್, ಸಂಸ್ಥೆಯ ಹೆಸರಿನದೇ ಬ್ಯಾಂಕ್ ಖಾತೆ, ಹಿಂದಿನ ಎರಡು ಮೂರು ವರ್ಷದ ಆಡಿಟ್ ವರದಿ. ಒಬ್ಬ ವ್ಯಕ್ತಿಯ ಫೋನ್‌ಪೇ ನಂಬರ್ ಕೊಟ್ಟು ಇದಕ್ಕೇ ಹಾಕಿ ಎಂದರೆ ಹಾಕಬೇಡಿ, ಅವರು ಎಷ್ಟೇ ಒಳ್ಳೆಯವರಾಗಿರಲಿ.

ತೆರಿಗೆಯ ವಿಷಯದಲ್ಲಿ ಜನರಿಗೆ ಗೊಂದಲ ಜಾಸ್ತಿ. ದಾನ ಕೊಟ್ಟವರಿಗೆ ಎಲ್ಲರೂ 80ಜಿ ಎಂದು ಕರೆಯುವ ರಿಯಾಯಿತಿ ಸಿಗಬೇಕಾದರೆ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ ಅನುಮೋದನೆ ಇರಬೇಕು, ಅದರ ಅವಧಿ ಮುಗಿದಿರಬಾರದು. ಇಂಥ ಸಂಸ್ಥೆಗಳಿಗೆ ಕೊಟ್ಟದ್ದರಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ನಿಮ್ಮ ಆದಾಯದಿಂದ ಕಳೆಯುತ್ತಾರೆ, ಅದಕ್ಕೂ ಮಿತಿ ಇದೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ಮೊತ್ತಕ್ಕೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಈ ರಿಯಾಯಿತಿಯೇ ಇಲ್ಲ. ಬರೀ ರಸೀದಿ ಸಾಲದು. ಸಂಸ್ಥೆಯವರು ದಾನಿಗಳ ವಿವರವನ್ನು ಇಲಾಖೆಗೆ ಸಲ್ಲಿಸಿ, ಅಲ್ಲಿಂದ ತೆಗೆದ ಪ್ರಮಾಣಪತ್ರ ಕೊಡಬೇಕು. ಇದೆಲ್ಲ ಮಾಡಿಸಲು ಸಣ್ಣ ಸಂಸ್ಥೆಗೆ ಆಡಿಟರ್ ಫೀಜು ಹೊರೆಯಾಗುತ್ತದೆ. 80ಜಿ ಇಲ್ಲ ಎಂದ ಮಾತ್ರಕ್ಕೆ ಅವರನ್ನು ಅನುಮಾನಿಸಬೇಡಿ. ಅದನ್ನು ಮಾಡಿಸಿಕೊಡುವುದೇ ನಿಮ್ಮ ಮೊದಲ ನೆರವಾಗಬಹುದು.

ಹೊರದೇಶದಲ್ಲಿರುವ ನಮ್ಮೂರಿನವರು ಇದನ್ನು ಗಮನಿಸಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ದುಡಿಯುತ್ತಿರುವವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ್ದೋ ಮತ್ತೊಂದು ದೇಶದ್ದೋ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆಯೇ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯೋ ಪೂರ್ವಾನುಮತಿಯೋ ಇರಲೇಬೇಕು. ಗೊತ್ತಿಲ್ಲದೆ ಕಳಿಸಿದರೆ ತೊಂದರೆಗೆ ಸಿಕ್ಕುವುದು ಆ ಬಡ ಸಂಸ್ಥೆ.

ಹೆಜ್ಜೆ 4: ಹೋಗಿ ನೋಡುವುದು

ಕಾರ್ಯಕ್ರಮದ ದಿನ ಹೋಗಬೇಡಿ. ಮಾಮೂಲಿ ದಿನ, ಆದರೆ ಮೊದಲೇ ಹೇಳಿ ಹೋಗಿ. ಅಲ್ಲಿರುವುದು ಹೆಣ್ಣುಮಕ್ಕಳು, ಅಪರಿಚಿತರು ದಿಢೀರನೆ ಒಳಗೆ ನುಗ್ಗುವುದನ್ನು ಬಿಟ್ಟುಕೊಳ್ಳುವ ಸಂಸ್ಥೆಯನ್ನೇ ನಾನು ನಂಬುವುದಿಲ್ಲ.

ನಾನು ಕೇಳುವ ಮುಖ್ಯ ಪ್ರಶ್ನೆ ಒಂದೇ: “ಹೋದ ವರ್ಷ ನಿಮ್ಮ ಪಟ್ಟಿಯಲ್ಲಿ ಎಂಟನೇ ತರಗತಿಯಲ್ಲಿದ್ದವರಲ್ಲಿ ಈಗ ಎಷ್ಟು ಜನ ಓದುತ್ತಿದ್ದಾರೆ? ಉಳಿದವರು ಏನಾದರು?” ‘ಎಲ್ಲರೂ ಓದುತ್ತಿದ್ದಾರೆ’ ಎಂದು ಥಟ್ಟನೆ ಉತ್ತರ ಬಂದರೆ ನನಗೆ ಅನುಮಾನ. ಮೊಳಕಾಲ್ಮುರಿನ ಅಕ್ಕ ಈ ಪ್ರಶ್ನೆಗೆ ನೋಟ್‌ಬುಕ್ಕು ತೆರೆದು ಐದು ಪುಟ ತೋರಿಸಿದರು. ಇಬ್ಬರ ಮದುವೆಯಾಗಿತ್ತು, ಒಬ್ಬಳು ರೇಷ್ಮೆ ಮಗ್ಗದ ಮನೆಯಲ್ಲಿ ಕೆಲಸಕ್ಕೆ ಕೂತಿದ್ದಳು, ಇಬ್ಬರು ಬೆಂಗಳೂರಿಗೆ ಹೋದವರು ಮರಳಿರಲಿಲ್ಲ. ಐದನೇ ಪುಟ ತೋರಿಸುವಾಗ ಅವರ ಗಂಟಲು ಕಟ್ಟಿತ್ತು. ಕಳೆದುಕೊಂಡ ಮಕ್ಕಳ ಲೆಕ್ಕ ಇಟ್ಟವರ ಕೈಗೆ ಹಣ ಕೊಡಲು ಹೆದರಬೇಕಾಗಿಲ್ಲ.

ಹುಡುಗಿಯರು ಉಳಿದುಕೊಳ್ಳುವ ಜಾಗವಿದ್ದರೆ ಇನ್ನೂ ಬಿಗಿಯಾಗಿ ನೋಡಬೇಕು. ಅನಾಥರನ್ನು, ಪಾಲನೆ ಪೋಷಣೆ ಇಲ್ಲದ ಮಕ್ಕಳನ್ನು ಇಟ್ಟುಕೊಳ್ಳುವ ಯಾವುದೇ ಸಂಸ್ಥೆ ಬಾಲನ್ಯಾಯ ಕಾಯ್ದೆ 2015ರಡಿ ನೋಂದಣಿ ಮಾಡಿಸಲೇಬೇಕು. ಮಠವಾಗಲಿ, ಟ್ರಸ್ಟ್ ಆಗಲಿ, ಗೌರವಸ್ಥರ ಮನೆತನವಾಗಲಿ, ವಿನಾಯಿತಿ ಇಲ್ಲ. ರಾತ್ರಿ ಅಲ್ಲೇ ಇರುವ ಮಹಿಳಾ ವಾರ್ಡನ್ ಇದ್ದಾರೆಯೇ? ಶೌಚಾಲಯದ ಬಾಗಿಲಿಗೆ ಒಳಚಿಲಕ ಇದೆಯೇ? ಹುಡುಗಿ ತನ್ನ ಅಮ್ಮನಿಗೆ ಯಾರ ಅಪ್ಪಣೆಯೂ ಇಲ್ಲದೆ ಫೋನ್ ಮಾಡಬಹುದೇ? ಮಕ್ಕಳ ಸಹಾಯವಾಣಿ 1098 ನಂಬರು ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಬೀಳುವ ಕಡೆ ಬರೆದಿದೆಯೇ? ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೂ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆ 2012ರ ಪ್ರಕಾರ ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆ. ‘ಇಲ್ಲಿ ಅಂಥದ್ದೆಲ್ಲ ನಡೆಯಲ್ಲ, ದೂರು ಯಾರು ಕೊಡ್ತಾರೆ’ ಎನ್ನುವ ಕಡೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹುಡುಗಿಯನ್ನು ಎದುರಿಗೆ ನಿಲ್ಲಿಸಿ ಅವಳ ಬಡತನ ಹೇಳಿಸಬೇಡಿ. ಯಾವ ಪಾಠ ಇಷ್ಟ ಎಂದು ಕೇಳಿ, ಅಷ್ಟೇ ಸಾಕು.

ಹೆಜ್ಜೆ 5: ಏನು ಕೊಡಬೇಕು

ಕೆಲವು ವರ್ಷಗಳ ಹಿಂದೆ ನಾವು ಗೆಳತಿಯರು ಸೇರಿ ಜಗಳೂರು ತಾಲ್ಲೂಕಿನ ಒಂದು ಊರಿಗೆ ನಲವತ್ತು ಬ್ಯಾಗು ಕೊಟ್ಟೆವು. ಹಾರ, ಫೋಟೊ, ಭಾಷಣ ಎಲ್ಲ ಆಯಿತು. ದಸರಾ ರಜೆ ಮುಗಿಯುವ ಹೊತ್ತಿಗೆ ಆ ನಲವತ್ತರಲ್ಲಿ ಆರು ಹುಡುಗಿಯರು ಶಾಲೆಗೆ ಬರುತ್ತಿರಲಿಲ್ಲ. ಆ ಆರು ಮನೆಗೆ ಹೋಗಿ ಕೇಳುವವರು ಆ ಊರಲ್ಲಿ ಯಾರೂ ಇರಲಿಲ್ಲ. ಆ ದುಡ್ಡಿನಲ್ಲಿ ಒಬ್ಬ ಕಾರ್ಯಕರ್ತೆಗೆ ಒಂದೆರಡು ತಿಂಗಳ ಸಂಬಳ ಆಗುತ್ತಿತ್ತು ಎಂಬ ನೋವು ನನಗೆ ಇವತ್ತಿಗೂ ಇದೆ.

ಆದ್ದರಿಂದ ಮೊದಲು ಮನೆಮನೆಗೆ ಹೋಗುವವರ ಸಂಬಳ. ನೀವೊಬ್ಬರೇ ಪೂರ್ತಿ ಕೊಡಬೇಕೆಂದಿಲ್ಲ. ಹತ್ತು ಮನೆಯವರು ಸೇರಿ ತಿಂಗಳಿಗೆ ಸಾವಿರ ಸಾವಿರ ಹಾಕಿದರೆ ಒಬ್ಬರ ಸಂಬಳಕ್ಕೆ ದಾರಿಯಾಗುತ್ತದೆ. ಬ್ಯಾಂಕಿಗೆ ಹೇಳಿ ತಿಂಗಳ ಒಂದನೇ ತಾರೀಕು ತಾನಾಗಿಯೇ ಹೋಗುವಂತೆ ಮಾಡಿಸಿ. ವರ್ಷಕ್ಕೊಮ್ಮೆ ಬರುವ ಹನ್ನೆರಡು ಸಾವಿರಕ್ಕಿಂತ ತಿಂಗಳಿಗೆ ತಪ್ಪದೆ ಬರುವ ಸಾವಿರಕ್ಕೆ ಸಣ್ಣ ಸಂಸ್ಥೆಯಲ್ಲಿ ಬೆಲೆ ಹೆಚ್ಚು. ಅದನ್ನು ನಂಬಿ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು.

ಎರಡನೆಯದು ಕಾಗದಪತ್ರದ ಓಡಾಟ. ಯಾರ ಫೋಟೊದಲ್ಲೂ ಬರದ ಕೆಲಸ ಇದು, ನಾನು ಕಂಡಂತೆ ಅತಿ ಹೆಚ್ಚು ಹುಡುಗಿಯರನ್ನು ಉಳಿಸುವ ಕೆಲಸವೂ ಇದೇ. ವಿದ್ಯಾರ್ಥಿವೇತನ ಬೇಕಾದಷ್ಟಿದೆ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಇಲಾಖೆಗಳ ಸ್ಕಾಲರ್‌ಶಿಪ್‌ಗಳಿವೆ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿ ಡಿಗ್ರಿಗೋ ಡಿಪ್ಲೊಮಾಗೋ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಸರ್ಕಾರ ಮಗಳ ಹೆಸರಿನಲ್ಲಿ ಹಣ ಇಟ್ಟ ಭಾಗ್ಯಲಕ್ಷ್ಮಿ ಬಾಂಡ್ ಇರುವ ಮನೆಗಳಲ್ಲಿ, 18ಕ್ಕೆ ಮುಂಚೆ ಮದುವೆ ಮಾಡಿದರೆ ಆ ಹಣ ಕೈತಪ್ಪುತ್ತದೆ ಎಂಬುದನ್ನು ನೆನಪಿಸಿದರೇ ಎಷ್ಟೋ ಅಪ್ಪಂದಿರು ಸುಮ್ಮನಾಗುತ್ತಾರೆ.

ಆದರೆ ಹಣ ತಾನಾಗಿಯೇ ಖಾತೆಗೆ ಬಂದು ಬೀಳುವುದಿಲ್ಲ. ಆಧಾರ್‌ನಲ್ಲಿ ‘ಲಕ್ಷ್ಮಿದೇವಿ’, ಶಾಲೆಯಲ್ಲಿ ‘ಲಕ್ಷ್ಮೀದೇವಿ ಟಿ’. ಜಾತಿ ಆದಾಯ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಬೇರೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಒಂದೊಂದನ್ನು ಸರಿಮಾಡಿಸಲು ನಾಡಕಚೇರಿಗೆ, ಆಧಾರ್ ಕೇಂದ್ರಕ್ಕೆ, ಬ್ಯಾಂಕಿಗೆ ಎರಡು ಮೂರು ಸಲ ಹೋಗಬೇಕು. ಹೋದ ದಿನ ಅಮ್ಮನ ಕೂಲಿ ಹೋಯಿತು. ಆದ್ದರಿಂದಲೇ ಎಷ್ಟೋ ಮನೆಯವರು ಕೈಬಿಡುತ್ತಾರೆ. ಸಂಸ್ಥೆಯವರು ಹತ್ತು ಹುಡುಗಿಯರನ್ನು ಅಮ್ಮಂದಿರ ಜೊತೆ ಒಂದೇ ದಿನ ಆಟೊದಲ್ಲಿ ಕರೆದೊಯ್ದು, ಊಟ ಹಾಕಿಸಿ, ಅಮ್ಮಂದಿರ ಆ ದಿನದ ಕೂಲಿ ತುಂಬಿಕೊಟ್ಟರೆ ಆಗುವ ಖರ್ಚು ಕೆಲವೇ ಸಾವಿರ. ಪ್ರತಿಯಾಗಿ ಆ ಹುಡುಗಿಯರಿಗೆ ವರ್ಷಗಟ್ಟಲೆ ಬರುವ ಹಣ ಅದರ ಎಷ್ಟೋ ಪಟ್ಟು. ದಾನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮೂರನೆಯದು ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾರನೇ ದಿನ. 2024ರಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂತು. ಮೊದಲನೆಯದರಲ್ಲಿ ಫೇಲಾದವಳು ಅದೇ ವರ್ಷ ಮತ್ತೆ ಬರೆಯಬಹುದು. ಆದರೆ ಫೇಲಾದ ವಾರವೇ ಮನೆಯಲ್ಲಿ ಗಂಡಿನ ಮಾತು ಶುರುವಾಗಿರುತ್ತದೆ. ಆಗ ಪರೀಕ್ಷಾ ಶುಲ್ಕ ಕಟ್ಟಿ, ಗಣಿತ, ಇಂಗ್ಲಿಷ್, ವಿಜ್ಞಾನಕ್ಕೆ ಕೆಲವು ವಾರ ಪಾಠ ಹೇಳಿಸಲು ಒಂದು ಗಂಟು ಮೊದಲೇ ತೆಗೆದಿಟ್ಟಿರಬೇಕು. ಆಗ ಹೋಗಿ ಚಂದಾ ಎತ್ತುತ್ತಾ ಕೂತರೆ ತಡವಾಗುತ್ತದೆ.

ಸ್ಯಾನಿಟರಿ ಪ್ಯಾಡ್, ಟಾರ್ಚು, ಸೈಕಲ್ ರಿಪೇರಿ, ಕನ್ನಡಕ ಇವೆಲ್ಲ ಬೇಕೇ. ಏನು ಬೇಕೆಂದು ಸಂಸ್ಥೆಯವರನ್ನು ಕೇಳಿ ಕೊಡಿ.

ಹೆಜ್ಜೆ 6: ಹಣವಿಲ್ಲದವರು

ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಬರುವವರು ತಿಂಗಳಿಗೊಂದು ಭಾನುವಾರ ಕೂತು ಲೆಕ್ಕ ಬರೆದುಕೊಟ್ಟರೆ ಆಡಿಟ್ ಸಲೀಸಾಗುತ್ತದೆ. ನಾನು ಮಾಡುವುದೂ ಅದನ್ನೇ, ಹಗಲೆಲ್ಲ ಈರುಳ್ಳಿ, ಮೆಕ್ಕೆಜೋಳದ ಮಂಡಿಯ ಲೆಕ್ಕ ಬರೆಯುವ ಕೈ ಇದು. ನಿವೃತ್ತ ಗಣಿತ ಮೇಷ್ಟ್ರಿಗೆ ನಮ್ಮ ಊರುಗಳಲ್ಲಿ ಯಾವತ್ತೂ ಕೆಲಸವಿದೆ. ಆಟೊ ಇಟ್ಟವರು, ಝೆರಾಕ್ಸ್ ಅಂಗಡಿಯವರು, ಸೈಬರ್ ಸೆಂಟರಿನವರು ತಮ್ಮ ಕಸುಬಿನಿಂದಲೇ ನೆರವಾಗಬಹುದು. ಡಿಗ್ರಿ ಓದುತ್ತಿರುವ ಹುಡುಗಿಯರು ತಮ್ಮ ಹಳ್ಳಿಗೆ ರಜೆಗೆ ಹೋದಾಗ ಎಂಟು ಒಂಬತ್ತನೇ ತರಗತಿಯವರ ಜೊತೆ ಒಂದು ಸಂಜೆ ಕೂತರೆ, ಆ ಮಕ್ಕಳ ಅಮ್ಮಂದಿರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ. ಪಾಠಕ್ಕಿಂತ ಅದು ಮುಖ್ಯ.

ಹೆಜ್ಜೆ 7: ಮದುವೆಯ ಸುದ್ದಿ ಬಂದರೆ

ಈ ಕೆಲಸಕ್ಕೆ ಕೈ ಹಾಕಿದವರಿಗೆ ಒಂದಲ್ಲ ಒಂದು ದಿನ ಆ ಫೋನ್ ಬರುತ್ತದೆ: ನಾಡಿದ್ದು ಮದುವೆ, ಹುಡುಗಿಗೆ ಹದಿನೈದು. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರ ಪ್ರಕಾರ ಮಾಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಆಗಬಹುದು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ತಕ್ಷಣ 1098ಕ್ಕೆ ಫೋನ್ ಮಾಡಿ, ತುರ್ತಾದರೆ 112. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೂ ತಿಳಿಸಿ.

ನೀವಾಗಿ ಛತ್ರದ ಬಾಗಿಲಿಗೆ ಹೋಗಿ ಜಗಳಕ್ಕೆ ನಿಲ್ಲಬೇಡಿ. ಸುದ್ದಿ ಕೊಟ್ಟ ಕಾರ್ಯಕರ್ತೆಯ ಹೆಸರು ಎಲ್ಲೂ ಬಾಯಿ ಬಿಡಬೇಡಿ. ನಾಳೆ ಅದೇ ಓಣಿಯಲ್ಲಿ ಅವರು ಮತ್ತೆ ನಡೆದು ಹೋಗಬೇಕು, ಅದೇ ಮನೆಯ ತಂಗಿಯ ಓದಿಗಾಗಿ ಅದೇ ಅಪ್ಪನ ಜೊತೆ ಮಾತಾಡಬೇಕು. ಮದುವೆ ನಿಂತ ಮೇಲೂ ಕೆಲಸ ಮುಗಿಯುವುದಿಲ್ಲ. ಆ ಹುಡುಗಿಗೆ ಮನೆಯಲ್ಲಿ ಮಾತು, ಊರಲ್ಲಿ ನೋಟ. ಅವಳನ್ನು ಹಾಸ್ಟೆಲ್‌ಗೆ ಸೇರಿಸುವವರೆಗಿನ ಖರ್ಚಿಗೆ ನಿಮ್ಮ ಕೈ ಬೇಕಾಗುವುದು ಆಗಲೇ.

ಹೆಜ್ಜೆ 8: ಕೊಟ್ಟ ಮೇಲೆ

ತಿಂಗಳಿಗೊಮ್ಮೆ ವರದಿ, ಫೋಟೊ, ವಿಡಿಯೊ ಎಂದು ಪೀಡಿಸಬೇಡಿ. ವರ್ಷಕ್ಕೆ ಎರಡು ಸಲ ಒಂದೇ ಪುಟ ಸಾಕು: ಎಷ್ಟು ಹುಡುಗಿಯರಿದ್ದರು, ಎಷ್ಟು ಜನ ಮುಂದಿನ ತರಗತಿಗೆ ಹೋದರು, ಎಷ್ಟು ಜನ ಬಿಟ್ಟರು, ಏಕೆ, ಹಣ ಎಲ್ಲಿಗೆ ಹೋಯಿತು. ಹುಡುಗಿಯರ ಮುಖ, ಹೆಸರು, ಊರು ಫೇಸ್‌ಬುಕ್ಕಿಗೆ ಹಾಕಬೇಡಿ. ಪೋಷಣೆ ರಕ್ಷಣೆ ಬೇಕಾದ ಮಕ್ಕಳ ಗುರುತು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆಯೇ ನಿಷೇಧಿಸುತ್ತದೆ. ಕಾನೂನಿನ ಮಾತು ಹಾಗಿರಲಿ, ನಾಳೆ ಅವಳು ಕೆಲಸಕ್ಕೆ ಸೇರುವ ದಿನ ‘ಬಡ ವಿದ್ಯಾರ್ಥಿನಿಗೆ ಸಹಾಯ’ ಎಂಬ ನಿಮ್ಮ ಫೋಟೊ ಅವಳ ಬೆನ್ನಿಗೆ ಬರಬಾರದು.

ಮೇ ಕೊನೆಯ ವಾರ ತಪ್ಪದೆ ಒಂದು ಫೋನ್ ಮಾಡಿ. ಶಾಲೆ ಶುರುವಾಗುವ ಹೊತ್ತು ಅದು, ಗುಳೆ ಹೋದವರಲ್ಲಿ ಯಾರು ಮರಳಿದ್ದಾರೆ, ಏಳು ಮುಗಿಸಿದವರಲ್ಲಿ ಯಾರ ಟಿಸಿ ಇನ್ನೂ ಹಳೆ ಶಾಲೆಯಲ್ಲೇ ಉಳಿದಿದೆ ಎಂಬುದು ಅಕ್ಕನ ನೋಟ್‌ಬುಕ್ಕಿನಲ್ಲಿ ಇರುತ್ತದೆ. ಟಿಸಿ ತೆಗೆಸದೆ ಉಳಿದ ಹೆಸರುಗಳೇ ಆ ತಿಂಗಳ ಕೆಲಸ.

ಇನ್ನೊಂದು. ಎಲ್ಲರ ಕೈಯೂ ಒಂದೇ ಸಮ ಇರುವುದಿಲ್ಲ, ನೆರವು ನಿಲ್ಲಿಸಬೇಕಾಗಿ ಬರಬಹುದು. ಅದರಲ್ಲಿ ತಪ್ಪಿಲ್ಲ. ಆದರೆ ಸದ್ದಿಲ್ಲದೆ ನಿಲ್ಲಿಸಬೇಡಿ. ಜನವರಿಯಲ್ಲೇ ಹೇಳಿಬಿಡಿ. ಜೂನ್‌ಗೆ ಮುಂಚೆ ಇನ್ನೊಬ್ಬರನ್ನು ಹುಡುಕಿಕೊಳ್ಳಲು ಅವರಿಗೆ ಐದು ತಿಂಗಳು ಸಿಗುತ್ತದೆ, ಅಕ್ಕನ ಸಂಬಳ ತಪ್ಪುವುದಿಲ್ಲ.